ಚಿಮಿಣಿ ಎಣ್ಣೆಯ ಹಿಂದಿನ ರಾಜತಂತ್ರ: ಕೇಶವದೇವ ಮಾಳವೀಯ

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಅನಿಲದ ಕೊಳವೆ ನಮ್ಮ ಜಿಲ್ಲೆಯ ನೆಲದಡಿಯಲ್ಲಿ ಸಾಗುತ್ತದೆ. ಸುಮಾರು 450 ಕಿ.ಮೀ. ಉದ್ದದ ಈ ಕೊಳವೆಯ ಉದ್ಘಾಟನೆ 2021ರ ಜನವರಿ 5ರಂದು ನಡೆಯಿತು. ಚಂದ್ರಗಿರಿ ಹೊಳೆಯ ತಳದಲ್ಲಿ ಕೊಳವೆಯನ್ನು ದಾಟಿಸುವ ಕೆಲಸವೇ ಕೊನೆಯ ತೊಡಕಾಗಿ ಉಳಿದುಕೊಂಡಿತ್ತು. ಅದರಲ್ಲಿ ಹರಿಯುವ ಅನಿಲ ದ್ರವರೂಪದಲ್ಲಿ ಹಡಗೇರಿ ಪರದೇಶದಿಂದ ಕೊಚ್ಚಿಗೆ ಬಂದಿಳಿಯುವಂಥದು. ಕೊಳವೆಯ ಇನ್ನೊಂದು ತುದಿಯ ಮಂಗಳೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವಷ್ಟು ಜಾಗ ಮಾಡಿದ್ದಾರೆ. ಆ ಗುಹೆಯ ಒಂದು ಭಾಗದಲ್ಲಿ 2018ರಲ್ಲಿ ತನ್ನ ತೈಲವನ್ನು ತಂದಿಳಿಸಿದ್ದು ಅಬುಧಾಬಿಯ ಸರಕಾರಿ ಕಂಪೆನಿ. ಹೀಗೆ ಒಲೆಗೂ ವಾಹನಕ್ಕೂ ಬೇಕಾದ ಇಂಧನ ಇಂದು ದೇಶ ದೇಶಗಳ ನಡುವಣ ಒಪ್ಪಂದದ ವಿಷಯ. ಇದು ಹೊಸ ಸಂಗತಿಯೆಂದು ಅನೇಕರು ತಿಳಿದಿರುವುದರಿಂದಲೇ ನಾವು ಇಂದು ಕೇಶವದೇವ ಮಾಳವೀಯರ ಬಾಳನ್ನು ಹೇಳಹೊರಟಿದ್ದೇವೆ. ತೈಲವನ್ನು ಅಂಗಡಿಯ ಲೆಕ್ಕದಿಂದ ಎತ್ತಿ ವಿದೇಶಾಂಗ ನೀತಿಯ ಮೇಜಿನ ಮೇಲೆ ಇರಿಸಿದವರಲ್ಲಿ ನಮ್ಮ ದೇಶದ ಮಟ್ಟಿಗೆ ಅವರು ಮೊದಲಿಗರು.

ಮಾಳವೀಯರು ಹುಟ್ಟಿದ್ದು 1904ರಲ್ಲಿ. ಕಾನ್ಪುರದ ತಾಂತ್ರಿಕ ಸಂಸ್ಥೆಯಲ್ಲಿ ಓದಿದವರು. ಗಾಂಧೀಜಿಯ ಚಳವಳಿಗೆ ಇಳಿದು ಹಲವು ಸಲ ಸೆರೆಮನೆ ಕಂಡವರು. ಅಲಹಾಬಾದಿನ ಕಾಂಗ್ರೆಸ್ಸಿಗರ ಬಳಗದಲ್ಲಿ ಜವಾಹರಲಾಲರ ಹತ್ತಿರದವರಾಗಿದ್ದರು. ಸ್ವಾತಂತ್ರ್ಯಾನಂತರ ಲೋಕಸಭೆಗೆ ಆರಿಸಿಬಂದು ಕೇಂದ್ರದಲ್ಲಿ ಕಿರಿಯ ಮಂತ್ರಿಯಾದರು. ಅವರ ಪಾಲಿಗೆ ಬಂದದ್ದು ಮೌಲಾನಾ ಆಜಾದರ ಕೈಕೆಳಗಿನ ನೈಸರ್ಗಿಕ ಸಂಪನ್ಮೂಲ ಮತ್ತು ವೈಜ್ಞಾನಿಕ ಸಂಶೋಧನೆಯ ಖಾತೆ. ವಿದ್ಯಾಮಂತ್ರಿಯವರ ಉಸ್ತುವಾರಿಯಲ್ಲೇ ತೈಲದ ಕಡತವೂ ಇತ್ತೆಂದರೆ ಆ ಕಾಲದಲ್ಲಿ ಸರಕಾರ ತೈಲಕ್ಕೆ ಎಷ್ಟು ತೂಕ ಕೊಟ್ಟಿತ್ತೆಂಬುದನ್ನು ಓದುಗರು ಊಹಿಸಬಹುದು. ಯಾರಿಗೂ ಬೇಡವಾದ ಕಡತ ಅದಾಗಿತ್ತು. ಮಾಳವೀಯರು ಅದನ್ನೇ ಹಿಡಿದುಕೊಂಡರು.

ಆಗಿನ ಸ್ಥಿತಿ ಹೇಗಿತ್ತು? ಅಸ್ಸಾಮಿನ ದಿಗ್ಬೋಯಿಯಲ್ಲಿ 19ನೆಯ ಶತಮಾನದ ಕೊನೆಯಲ್ಲೇ ತೈಲ ಸಿಕ್ಕಿತ್ತು, ನಿಜ. ಆದರೆ ಅದು ದೇಶದ ಬೇಡಿಕೆಯ ಹತ್ತನೆಯ ಒಂದು ಪಾಲಿನ ಆಸುಪಾಸಿನಷ್ಟು ಮಾತ್ರ. ಉಳಿದುದೆಲ್ಲ ಹಡಗಿನಲ್ಲಿ ಬರಬೇಕು, ತರುವವರು ಬರ್ಮಾ-ಶೆಲ್, ಸ್ಟ್ಯಾಂಡರ್ಡ್ ವ್ಯಾಕ್ಯೂಮ್, ಕ್ಯಾಲ್ಟೆಕ್ಸ್ ಎಂಬ ಮೂರು ಕಂಪೆನಿಗಳು. ನಮ್ಮ ಹಳ್ಳಿಗಳಲ್ಲಿ ಚಿಮಿಣಿ ಎಣ್ಣೆಯ ಡಬ್ಬಿಯ ಮೇಲೆ ಕಾಣುತ್ತಿದ್ದ ಹೆಸರುಗಳು ಇವೇ. ಬೆಲೆಯ ಲೆಕ್ಕವಂತೂ ವಿಚಿತ್ರ. ಎರಡನೆಯ ಮಹಾಯುದ್ಧದವರೆಗೆ, ಎಣ್ಣೆ ಬರುತ್ತಿದ್ದುದು ಅರಬ್ಬಿ ಸಮುದ್ರದ ಆಚೆ ದಡದ ಇರಾನಿನಿಂದಲೇ ಆದರೂ, ಬೆಲೆ ಕಟ್ಟುತ್ತಿದ್ದುದು ಅಮೆರಿಕದ ಮೆಕ್ಸಿಕೋ ಕೊಲ್ಲಿಯ ದರಕ್ಕೆ ಅಲ್ಲಿಂದ ಇಲ್ಲಿಗೆ ಹಡಗು ಬಾಡಿಗೆ ಸೇರಿಸಿ. ಸಾಗದ ದಾರಿಗೆ ಬಾಡಿಗೆ! ಕುಂಬಳೆಯಿಂದ ತಂದ ತೆಂಗಿನಕಾಯಿಗೆ ಕೊಲ್ಲಂನಿಂದ ಲಾರಿ ಬಾಡಿಗೆ ಕೇಳಿದರೆ ನಾವು ಸುಮ್ಮನಿರುತ್ತಿದ್ದೆವೆ?

1951ರಲ್ಲಿ ಇರಾನಿನ ಮೊಸದ್ದಕ್ ಸರಕಾರ ತೈಲವನ್ನು ರಾಷ್ಟ್ರೀಕರಿಸಿತು. ಅಬದಾನಿನ ಭಾರೀ ಶುದ್ಧೀಕರಣಾಗಾರ ನಿಂತುಹೋಯಿತು. ಅಲ್ಲಿಂದ ಎಣ್ಣೆ ಪಡೆಯುತ್ತಿದ್ದ ನಮ್ಮ ದೇಶಕ್ಕೆ ಗಾಬರಿ ಹುಟ್ಟಿತು. ಆ ಗಾಬರಿಯಲ್ಲಿ ಸರಕಾರ ಮೂರು ಕಂಪೆನಿಗಳೊಂದಿಗೆ ಒಪ್ಪಂದ ಮಾಡಿಕೊಂಡು, ಮುಂಬಯಿಯ ಟ್ರಾಂಬೆಯಲ್ಲಿ ಎರಡು ಮತ್ತು ವಿಶಾಖಪಟ್ಟಣದಲ್ಲಿ ಒಂದು ಶುದ್ಧೀಕರಣಾಗಾರ ಕಟ್ಟಲು ಅನುಮತಿ ಕೊಟ್ಟಿತು. 1954ರಿಂದ 1957ರೊಳಗೆ ಮೂರೂ ಕೆಲಸ ಆರಂಭಿಸಿದವು. ಆದರೆ ಒಪ್ಪಂದದ ಷರತ್ತುಗಳು ಬಿಗಿಯಾಗಿದ್ದವು. 25 ವರ್ಷ ರಾಷ್ಟ್ರೀಕರಣದ ಮಾತೆತ್ತಬಾರದು, ಕಚ್ಚಾ ತೈಲವನ್ನು ಎಲ್ಲಿಂದ ತರಬೇಕೆಂಬುದು ಕಂಪೆನಿಗಳ ಇಷ್ಟ. ಈ ಎರಡನೆಯ ಷರತ್ತೇ ಮುಂದೆ ದೊಡ್ಡ ಗಂಟಾಯಿತು.

ಮಾಳವೀಯರು ಕಂಡುಕೊಂಡ ಸತ್ಯ ಸರಳವಾದದ್ದು. ತೈಲವಿಲ್ಲದ ದೇಶ ಒಬ್ಬನನ್ನೇ ನಂಬಿ ಕುಳಿತರೆ, ಆ ಒಬ್ಬ ಹೇಳಿದ್ದೇ ಬೆಲೆ, ಅವನು ಹಾಕಿದ್ದೇ ಷರತ್ತು. ಇನ್ನೊಬ್ಬನ ಬಾಗಿಲು ತಟ್ಟಲು ಸಾಧ್ಯವಾದಾಗ ಮಾತ್ರ ಮೊದಲಿನವನು ದನಿ ತಗ್ಗಿಸುತ್ತಾನೆ. ಅಲಿಪ್ತ ನೀತಿಯೆಂದರೆ ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡುವುದಷ್ಟೇ ಅಲ್ಲ, ಎರಡೂ ಬಣದವರ ಬಾಗಿಲು ತಟ್ಟುವ ಹಕ್ಕನ್ನು ಕಾಯ್ದಿರಿಸಿಕೊಳ್ಳುವುದು ಎಂಬುದನ್ನು ಅವರು ತೈಲದ ವಿಷಯದಲ್ಲಿ ಆಚರಣೆಗೆ ತಂದರು.

1955ರಲ್ಲಿ ಮಾಳವೀಯರ ನೇತೃತ್ವದ ನಿಯೋಗವೊಂದು ಯುರೋಪಿನ ಹಲವು ದೇಶಗಳನ್ನು ಸುತ್ತಿ ಅಲ್ಲಲ್ಲಿನ ತೈಲೋದ್ಯಮವನ್ನು ನೋಡಿ ಬಂತು. ಅದೇ ವರ್ಷ ನೆಹರೂ ರಷ್ಯಕ್ಕೆ ಹೋಗಿದ್ದರು, ವರ್ಷದ ಕೊನೆಗೆ ಬುಲ್ಗಾನಿನ್ ಮತ್ತು ಕ್ರುಶ್ಚೇವ್ ಭಾರತಕ್ಕೆ ಬಂದರು. ಭಿಲಾಯಿ ಉಕ್ಕಿನ ಕಾರ್ಖಾನೆಯ ಒಪ್ಪಂದ ಆಗಲೇ ಆಗಿತ್ತು. ತೈಲದ ಮಾತು ಅದೇ ಜಾಡಿನಲ್ಲಿ ಸಾಗಿತು. ಅಮೆರಿಕ, ಪಶ್ಚಿಮ ಜರ್ಮನಿ, ರುಮೇನಿಯ, ಸೋವಿಯತ್ ಒಕ್ಕೂಟ ಎಲ್ಲ ಕಡೆಯ ತಜ್ಞರೂ ಬಂದು ನೆಲ ನೋಡಿದರು. ಕೊನೆಗೆ ಸಮೀಕ್ಷೆ, ಕೊರೆತ, ಸಿಬ್ಬಂದಿ ತರಬೇತಿ ಎಲ್ಲವನ್ನೂ ಸೇರಿಸಿ ಎರಡನೆಯ ಪಂಚವಾರ್ಷಿಕ ಯೋಜನೆಗೆ ಒಪ್ಪುವ ಕಾರ್ಯಕ್ರಮ ಬರೆದುಕೊಟ್ಟವರು ಸೋವಿಯತ್ ತಜ್ಞರು. 1956ರ ಆಗಸ್ಟಿನಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಹುಟ್ಟಿತು. ಡೆಹ್ರಾಡೂನ್ ಅದರ ಕೇಂದ್ರವಾಯಿತು. ಅದೇ ವರ್ಷದ ಕೈಗಾರಿಕಾ ನೀತಿಯ ನಿರ್ಣಯ ಖನಿಜ ತೈಲವನ್ನು ಸರಕಾರಿ ರಂಗಕ್ಕೆ ಕಾದಿರಿಸಿತು.

ಮೊದಲ ಬಾವಿ ಪಂಜಾಬಿನ ಬೆಟ್ಟದ ತಪ್ಪಲಿನ ಜ್ವಾಲಾಮುಖಿಯಲ್ಲಿ (ಈಗ ಅದು ಹಿಮಾಚಲಕ್ಕೆ ಸೇರಿದೆ), ರುಮೇನಿಯದ ಯಂತ್ರದಿಂದ. ದೇವಸ್ಥಾನದಲ್ಲಿ ಶತಮಾನಗಳಿಂದ ತಾನಾಗಿ ಉರಿಯುವ ಜ್ವಾಲೆ ಇರುವಾಗ ಕೆಳಗೆ ಏನೋ ಇರಲೇಬೇಕೆಂದು ಊಹಿಸುವುದು ಸಹಜವೇ. ಅನಿಲದ ಸುಳಿವು ಸಿಕ್ಕಿತು, ಲಾಭಕ್ಕೆ ಬರುವಷ್ಟು ಸಿಗಲಿಲ್ಲ. ನಕ್ಕವರು ನಕ್ಕರು. ಇತ್ತ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪೆನಿ ಸರಕಾರದ ಜೊತೆಗೂಡಿ ಬಂಗಾಳದಲ್ಲಿ ಕೊರೆದದ್ದೆಲ್ಲ ಒಣ ಬಾವಿಗಳೇ ಆದವು. ಭಾರತದ ನೆಲದಲ್ಲಿ ತೈಲವೇ ಇಲ್ಲವೆಂಬ ಮಾತು ಬಲವಾಗುತ್ತಿದ್ದಾಗ, 1958ರ ಸೆಪ್ಟೆಂಬರಿನಲ್ಲಿ ಗುಜರಾತಿನ ಖಂಭಾತ್ ಬಳಿಯ ಲೂಣೇಜ್‌ನಲ್ಲಿ ಎಣ್ಣೆ ಚಿಮ್ಮಿತು. 1960ರ ಮೇ ತಿಂಗಳಲ್ಲಿ ಅಂಕಲೇಶ್ವರದಲ್ಲಿ ಅದಕ್ಕಿಂತ ಹಿರಿದಾದ ನಿಕ್ಷೇಪ ದೊರೆಯಿತು. ಅಲ್ಲಿನ ಮೊದಲ ಬಾವಿಗೆ ನೆಹರೂ ವಸುಧಾರಾ ಎಂದು ಹೆಸರಿಟ್ಟರು.

ಆದರೆ ನಮ್ಮ ದೃಷ್ಟಿಯಲ್ಲಿ ಮಾಳವೀಯರ ನಿಜವಾದ ಪರೀಕ್ಷೆ ಬಾವಿಗಳಲ್ಲಿ ನಡೆದದ್ದಲ್ಲ. ಅದು ನಡೆದದ್ದು ಅದೇ 1960ರ ಬೇಸಗೆ ಮಳೆಗಾಲಗಳಲ್ಲಿ, ಮಾತುಕತೆಯ ಮೇಜಿನಲ್ಲಿ.

ವೋಲ್ಗಾ ನದಿಯ ಪ್ರಾಂತದಲ್ಲಿ ಹೇರಳ ತೈಲ ಕಂಡ ರಷ್ಯ ಆಗ ಗಿರಾಕಿಗಳನ್ನು ಹುಡುಕುತ್ತಿತ್ತು. ಭಾರತಕ್ಕೆ ಕಂಪೆನಿಗಳ ದರಕ್ಕಿಂತ ಗಣನೀಯವಾಗಿ ಕಡಿಮೆ ಬೆಲೆಗೆ ಕಚ್ಚಾ ತೈಲ ಕೊಡಲು ಮುಂದೆ ಬಂತು. ಅದಕ್ಕಿಂತ ಮುಖ್ಯವಾಗಿ, ಹಣವನ್ನು ರೂಪಾಯಿಯಲ್ಲೇ ಪಡೆಯಲು ಒಪ್ಪಿತು. ರೂಪಾಯಿಯಲ್ಲಿ ಪಡೆದ ಹಣದಿಂದ ರಷ್ಯ ಇಲ್ಲಿಯದೇ ಚಹಾ, ಸೆಣಬು, ಚರ್ಮ, ಕರಿಮೆಣಸು, ಗೇರುಬೀಜ ಕೊಳ್ಳುತ್ತದೆ. ಮಲಬಾರ್ ಮತ್ತು ದಕ್ಷಿಣ ಕನ್ನಡದ ಗುಡ್ಡಗಳ ಗೇರುಬೀಜದ ತಿರುಳಿಗೆ ಮುಂದೆ ಎಷ್ಟೋ ವರ್ಷ ರಷ್ಯ ದೊಡ್ಡ ಗಿರಾಕಿಯಾಗಿತ್ತೆಂಬುದು ನಮ್ಮ ಹಿರಿಯ ಕೃಷಿಕರಿಗೆ ಗೊತ್ತು. ಡಾಲರು ಪೌಂಡುಗಳಿಗೆ ತತ್ವಾರವಿದ್ದ ಆ ದಿನಗಳಲ್ಲಿ ಇದು ಬಿಡಬಹುದಾದ ವ್ಯವಹಾರವಲ್ಲ.

ತೈಲವೇನೋ ಸಿಗುತ್ತದೆ, ಶುದ್ಧೀಕರಿಸುವವರು ಯಾರು? ದೇಶದ ಮೂರು ದೊಡ್ಡ ಶುದ್ಧೀಕರಣಾಗಾರಗಳೂ ಮೂರು ಕಂಪೆನಿಗಳ ಕೈಯಲ್ಲಿ. ಸರಕಾರ ಕೇಳಿತು. ಒಪ್ಪಂದದ ಷರತ್ತನ್ನು ತೋರಿಸಿ ಮೂವರೂ ಒಲ್ಲೆವೆಂದರು.

ಅದೇ ವಾರಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಿನ ಕ್ಯೂಬಾದಲ್ಲಿ ಇದೇ ನಾಟಕ ನಡೆದಿತ್ತು. ಅಲ್ಲಿಯೂ ಕಂಪೆನಿಗಳು ರಷ್ಯದ ತೈಲ ಮುಟ್ಟಲೊಪ್ಪಲಿಲ್ಲ, ಕ್ಯಾಸ್ಟ್ರೋ ಶುದ್ಧೀಕರಣಾಗಾರಗಳನ್ನೇ ವಶಪಡಿಸಿಕೊಂಡರು. ಮುಂದೆ ಅಮೆರಿಕದೊಂದಿಗೆ ಆದ ವಿರಸ ಎಲ್ಲರಿಗೂ ತಿಳಿದದ್ದೇ. ಭಾರತ ಹಾಗೆ ಮಾಡಬಹುದಿತ್ತೆ? 1960ರ ಮೇ ತಿಂಗಳಲ್ಲಷ್ಟೇ ಅಮೆರಿಕದಿಂದ ಗೋಧಿ ತರಿಸುವ ಭಾರೀ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಒಂದು ಕೈಯಲ್ಲಿ ಅಮೆರಿಕದ ಗೋಧಿ, ಇನ್ನೊಂದು ಕೈಯಲ್ಲಿ ರಷ್ಯದ ಎಣ್ಣೆ. ಯಾವ ಕೈಯನ್ನೂ ಬಿಡುವಂತಿಲ್ಲ. ಮಾಡಿದ ಒಪ್ಪಂದವನ್ನು ಮುರಿದರೆ ಮುಂದೆ ಸಾಲ ಕೊಡುವವರು ಯಾರೆಂಬ ಚಿಂತೆ ಬೇರೆ. ನೆರೆಯ ಸಿಂಹಳ ತೈಲ ಮಾರಾಟವನ್ನು ರಾಷ್ಟ್ರೀಕರಿಸಹೊರಟಾಗ 1963ರಲ್ಲಿ ಅಮೆರಿಕ ಅದಕ್ಕೆ ನೆರವು ನಿಲ್ಲಿಸಿತೆಂಬುದನ್ನು ನೋಡಿದರೆ, ಈ ಚಿಂತೆ ಹುಸಿಯಾಗಿರಲಿಲ್ಲ.

ಮಾಳವೀಯರು ಮತ್ತು ನೆಹರೂ ಸರಕಾರ ಸುತ್ತು ದಾರಿ ಹಿಡಿದರು. ಕಚ್ಚಾ ತೈಲವನ್ನು ನೀವು ಮುಟ್ಟದಿದ್ದರೆ ಬೇಡ, ನಾವು ಶುದ್ಧೀಕರಿಸಿದ ಎಣ್ಣೆಯನ್ನೇ ತರಿಸುತ್ತೇವೆ ಎಂಬ ನಿಲುವು. ಅದಕ್ಕಾಗಿ 1959ರಲ್ಲೇ ಸ್ಥಾಪಿಸಿಟ್ಟಿದ್ದ ಇಂಡಿಯನ್ ಆಯಿಲ್ ಎಂಬ ಸರಕಾರಿ ಕಂಪೆನಿ ಉಪಯೋಗಕ್ಕೆ ಬಂತು. 1960ರ ಆಗಸ್ಟ್ 17ರಂದು ಉಜ್ಗೊರೊಡ್ ಎಂಬ ರಷ್ಯದ ಹಡಗು 11,000 ಟನ್ನಿಗೂ ಮಿಕ್ಕಿದ ಡೀಸೆಲ್ ಹೊತ್ತು ಮುಂಬಯಿಯ ಪೀರ್ ಪಾವ್ ಕಟ್ಟೆಗೆ ಬಂದು ನಿಂತಿತು. ದೇಶದ ಬಳಕೆಯ ಮುಂದೆ ಅದೇನೂ ದೊಡ್ಡ ಮೊತ್ತವಲ್ಲ. ಆದರೆ ಕಂಪೆನಿಗಳಿಗೆ ಅರ್ಥವಾಗಬೇಕಾದದ್ದು ಅರ್ಥವಾಯಿತು, ಅವರು ತಮ್ಮ ಕಚ್ಚಾ ತೈಲದ ಬೆಲೆಯಲ್ಲಿ ರಿಯಾಯಿತಿ ಕೊಡತೊಡಗಿದರು. ಕೊಳ್ಳದೆಯೇ ಬಂದ ಲಾಭ ಇದು.

ರಷ್ಯದ ಅಗ್ಗದ ತೈಲದ ಒತ್ತಡಕ್ಕೆ ಕಂಪೆನಿಗಳು ಆ ಆಗಸ್ಟಿನಲ್ಲಿ ಪಶ್ಚಿಮ ಏಷ್ಯದ ತೈಲದ ದರವನ್ನು ಇಳಿಸಿದಾಗ, ಅದರಿಂದ ಆದಾಯ ಕಳೆದುಕೊಂಡ ಅರಬ್ ರಾಷ್ಟ್ರಗಳು, ಇರಾನ್ ಮತ್ತು ವೆನೆಜುವೆಲಾ ಸಿಟ್ಟಿಗೆದ್ದವು. ಮರುತಿಂಗಳೇ ಬಾಗ್ದಾದಿನಲ್ಲಿ ಕೂಡಿ ಒಪೆಕ್ ಸಂಘಟನೆಯನ್ನು ಕಟ್ಟಿದವು. ನಮಗೆ ಅಗ್ಗವಾದದ್ದೇ ಅವರಿಗೆ ನಷ್ಟವಾಗಿ, ಅವರ ಸಂಘಟನೆಯೇ ಮುಂದೆ ನಮಗೆ ದುಬಾರಿಯಾಯಿತು. ತೈಲದ ರಾಜಕಾರಣದಲ್ಲಿ ಹೀಗೆ ಒಂದು ಎಳೆ ಎಳೆದರೆ ಇನ್ನೆಲ್ಲೋ ಬಿಗಿಯುತ್ತದೆ.

ನಮ್ಮದೇ ಶುದ್ಧೀಕರಣಾಗಾರಗಳಿದ್ದರೆ ಯಾರ ಷರತ್ತೂ ಬೇಕಿಲ್ಲವಲ್ಲ. ಅಸ್ಸಾಮಿನ ಗೌಹಾತಿಯದು ರುಮೇನಿಯದ ನೆರವಿನಿಂದ ಎದ್ದಿತು, 1962ರ ಜನವರಿ 1ರಂದು ನೆಹರೂ ಅದನ್ನು ಉದ್ಘಾಟಿಸಿದರು. ಬಿಹಾರದ ಬರೌನಿ ಮತ್ತು ಗುಜರಾತಿನ ಕೊಯಲಿ ರಷ್ಯದ ನೆರವಿನವು. ಕೊಳವೆ ಹಾಕಲು ಇಟಲಿಯ ಸಾಲವೂ ಪರಿಣತಿಯೂ ಬಂದವು. ಅಲ್ಲಿಯ ಸರಕಾರಿ ತೈಲ ಸಂಸ್ಥೆಯ ಮುಖ್ಯಸ್ಥ ಎನ್ರಿಕೋ ಮಟ್ಟೇಯಿ ಕೂಡ ದೊಡ್ಡ ಕಂಪೆನಿಗಳಿಗೆ ಸೆಡ್ಡು ಹೊಡೆದವರೇ. ಅಸ್ಸಾಮಿನ ನಹರ್‌ಕಟಿಯಾದಲ್ಲಿ ಬ್ರಿಟಿಷ್ ಕಂಪೆನಿ ಕಂಡುಹಿಡಿದ ತೈಲದಲ್ಲಿ ಸರಕಾರ 1959ರಲ್ಲಿ ಮೂರನೆಯ ಒಂದು ಪಾಲು ಪಡೆದು, 1961ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು.

ಮಾಳವೀಯರನ್ನು ಕಮ್ಯುನಿಸ್ಟರ ಪಕ್ಷಪಾತಿಯೆಂದು ದೂರುವವರಿದ್ದರು. ಎಡಪಂಥದತ್ತ ಅವರ ಒಲವು ಗುಟ್ಟಿನದೇನೂ ಅಲ್ಲ. ಆದರೆ ನಮ್ಮ ರಾಜ್ಯದ ಕೊಚ್ಚಿಯ ಶುದ್ಧೀಕರಣಾಗಾರದ ಕತೆಯನ್ನು ಆ ದೂರಿನ ಪಕ್ಕದಲ್ಲಿಡಬೇಕು. 1963ರ ಏಪ್ರಿಲಿನಲ್ಲಿ, ಮಾಳವೀಯರು ಗಣಿ ಮತ್ತು ಇಂಧನ ಮಂತ್ರಿಯಾಗಿದ್ದಾಗ, ಅದಕ್ಕಾಗಿ ಒಪ್ಪಂದವಾದದ್ದು ಅಮೆರಿಕದ ಫಿಲಿಪ್ಸ್ ಕಂಪೆನಿಯೊಂದಿಗೆ. ಸರಕಾರದ ಪಾಲು ಅರ್ಧಕ್ಕಿಂತ ಹೆಚ್ಚಿರಬೇಕೆಂಬುದಷ್ಟೇ ಹಟ. ರಷ್ಯ, ರುಮೇನಿಯ, ಇಟಲಿಗಳ ಬಾಗಿಲು ತೆರೆದದ್ದರಿಂದಲೇ ಅಮೆರಿಕದ ಕಂಪೆನಿಯೊಂದು ಅಲ್ಪ ಪಾಲಿಗೆ ಒಪ್ಪಿ ಬಂದದ್ದು ಎಂಬುದು ನಮ್ಮ ಅಭಿಪ್ರಾಯ. ಅಂಬಲಮುಗಳಿನ ಆ ಘಟಕ 1966ರಲ್ಲಿ ಆರಂಭವಾಯಿತು.

ಅಷ್ಟರಲ್ಲಿ ಮಾಳವೀಯರು ಅಧಿಕಾರದಲ್ಲಿರಲಿಲ್ಲ. ಕಲ್ಕತ್ತೆಯ ಸಿರಾಜುದ್ದೀನ್ ಎಂಬ ಗಣಿ ವ್ಯಾಪಾರ ಸಂಸ್ಥೆಯಿಂದ, 1962ರ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯೊಬ್ಬರ ಖರ್ಚಿಗೆ 10,000 ರೂಪಾಯಿ ಕೊಡಿಸಿದರೆಂಬ ವಿಷಯ ಹೊರಬಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಸ್. ಕೆ. ದಾಸ್ ವಿಚಾರಣೆ ನಡೆಸಿದರು. ಸರಕಾರ ವರದಿಯನ್ನು ಪ್ರಕಟಿಸಲಿಲ್ಲ, 1963ರ ಜೂನಿನಲ್ಲಿ ಮಾಳವೀಯರು ರಾಜೀನಾಮೆ ಕೊಟ್ಟರು. ತೈಲ ಕಂಪೆನಿಗಳ ವೈರವೇ ಅವರನ್ನು ಉರುಳಿಸಿತೆಂದು ಅವರ ಅಭಿಮಾನಿಗಳು ನಂಬಿದ್ದರು. ಅದಕ್ಕೆ ಆಧಾರವೇನೆಂದು ನಾವು ಕೇಳಬೇಕಾಗುತ್ತದೆ. ಗಣಿ ಖಾತೆಯ ಮಂತ್ರಿ ಗಣಿಯವರಿಂದ ಚುನಾವಣೆಗೆ ಹಣ ಕೊಡಿಸಬಾರದು. ಮೊತ್ತ ಸಣ್ಣದೆಂಬುದು ಉತ್ತರವಲ್ಲ. ಪರದೇಶದ ಕಂಪೆನಿಗಳ ಮುಂದೆ ಅಷ್ಟು ಎಚ್ಚರವಿದ್ದ ಮನುಷ್ಯ ಮನೆಯೊಳಗಣ ವ್ಯಾಪಾರಿಯ ಮುಂದೆ ಎಚ್ಚರ ತಪ್ಪಿದರೆಂಬುದೇ ವ್ಯಥೆಯ ಸಂಗತಿ.

ಹತ್ತು ವರ್ಷ ಕಳೆಯಿತು. ನಡುವೆ ರಾಂಚಿಯ ಭಾರೀ ಯಂತ್ರೋಪಕರಣ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1971ರಲ್ಲಿ ಮತ್ತೆ ಲೋಕಸಭೆಗೆ ಬಂದರು, ಇಂದಿರಾ ಗಾಂಧಿಯವರು ಮೊದಲು ಉಕ್ಕು ಮತ್ತು ಗಣಿ ಖಾತೆಯನ್ನೂ ಬಳಿಕ 1974ರಲ್ಲಿ ಪೆಟ್ರೋಲಿಯಂ ಖಾತೆಯನ್ನೂ ಕೊಟ್ಟರು. ಆಗ ಅವರಿಗೆ 70 ವರ್ಷ.

ಲೋಕ ಆಗ ಬದಲಾಗಿತ್ತು. 1973ರ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ತೈಲ ಕೆಲವೇ ತಿಂಗಳಲ್ಲಿ 11 ಡಾಲರು ದಾಟಿತು. ಭಾರತ ಅರಬರ ಪರವಾಗಿಯೇ ನಿಂತಿದ್ದರೂ ಬೆಲೆ ಗೆಳೆಯ ವೈರಿಯೆಂದು ನೋಡಲಿಲ್ಲ. ರೇಷನ್ ಅಂಗಡಿಯ ಮುಂದೆ ಚಿಮಿಣಿ ಎಣ್ಣೆಗೆ ಸಾಲು ನಿಂತ ನೆನಪು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ. ಕಾರ್ಡಿನ ಮೇಲಿನ ಮಲಯಾಳ ಅಕ್ಷರ ಓದಲಾರದ ಅಜ್ಜಿಯಂದಿರಿಗೂ ತಮ್ಮ ಪಾಲಿನ ಎಣ್ಣೆ ಎಷ್ಟೆಂಬ ಲೆಕ್ಕ ತಪ್ಪುತ್ತಿರಲಿಲ್ಲ. ಅದೇ ಬೆಲೆಯೇರಿಕೆ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಹುಟ್ಟಿಸಿ, ನಮ್ಮ ಹುಡುಗರನ್ನು ದುಬೈ, ಕುವೈತ್‌ಗಳಿಗೆ ಒಯ್ದು, ಊರ ಅಂಚೆಯವನ ಕೈಯಲ್ಲಿ ಡ್ರಾಫ್ಟುಗಳನ್ನು ಕಳಿಸಿತೆಂಬುದೂ ನಿಜ.

ಈಗ ರಾಜತಂತ್ರದ ಬಾಗಿಲು ಮಾಸ್ಕೋ ಒಂದೇ ಆಗಿದ್ದರೆ ಸಾಲದು. ಇರಾಕ್ ಮತ್ತು ಇರಾನ್‌ಗಳಿಂದ ಸಾಲದ ಮೇಲೆ ತೈಲ ಪಡೆಯುವ ಏರ್ಪಾಡು ಆಯಿತು. ತೈಲದ ಹಣದಿಂದ ತುಂಬಿತುಳುಕುತ್ತಿದ್ದ ಇರಾನಿಗೆ ಕಬ್ಬಿಣದ ಅದಿರು ಬೇಕಿತ್ತು. 1975ರ ನವೆಂಬರಿನಲ್ಲಿ ಆದ ಕುದುರೆಮುಖದ ಒಪ್ಪಂದ ಈ ಲೆಕ್ಕಾಚಾರದ ಫಲ. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಕರ್ನಾಟಕದ ಘಟ್ಟದ ಅದಿರನ್ನು ಕೊಳವೆಯಲ್ಲಿ ಮಂಗಳೂರಿಗಿಳಿಸಿ ಅಲ್ಲಿಂದ ಇರಾನಿಗೆ ಹಡಗೇರಿಸುವುದು. ಇದು ಮಾಳವೀಯರೊಬ್ಬರ ಕೆಲಸವಲ್ಲ, ಇಡೀ ಸರಕಾರದ್ದು. ಆದರೆ ತೈಲದ ಬೆಲೆಯನ್ನು ನಮ್ಮಲ್ಲಿರುವ ಸರಕಿನಿಂದ ತೀರಿಸುವ ದಾರಿ ಅವರು 1960ರಲ್ಲಿ ರೂಪಾಯಿ ವ್ಯಾಪಾರದಲ್ಲಿ ಹಿಡಿದದ್ದೇ. ಗಣಿ ಸಿದ್ಧವಾಗುವ ಹೊತ್ತಿಗೆ 1979ರಲ್ಲಿ ಶಾ ದೊರೆ ದೇಶ ಬಿಟ್ಟು ಓಡಿದರು, ಹೊಸ ಸರಕಾರ ಅದಿರು ಕೊಳ್ಳಲಿಲ್ಲ. ದೊರೆಯೊಬ್ಬನನ್ನು ನಂಬಿ ಕಟ್ಟಿದ ವ್ಯವಹಾರದ ಗತಿ ಕುದುರೆಮುಖದ ನೌಕರರಿಗೆ ಚೆನ್ನಾಗಿ ತಿಳಿಯಿತು.

ಮುಂಬಯಿಯ ಕಡಲಲ್ಲಿ 1974ರ ಆರಂಭದಲ್ಲಿ ಸಾಗರ ಸಮ್ರಾಟ್ ಎಂಬ ಜಪಾನಿನಲ್ಲಿ ಕಟ್ಟಿದ ಹಡಗು ತೈಲ ಕಂಡುಹಿಡಿಯಿತು. ಆ ಕಡಲ ತಳದ ಸಮೀಕ್ಷೆಯನ್ನು 1960ರ ದಶಕದಲ್ಲೇ ರಷ್ಯದ ಹಡಗೊಂದು ಆರಂಭಿಸಿತ್ತು. 1976ರ ಮೇ 21ರಂದು ಉತ್ಪಾದನೆ ಆರಂಭವಾದಾಗ ಮಾಳವೀಯರು ಮಂತ್ರಿ. ಅದೇ ವರ್ಷ ಜನವರಿಯಲ್ಲಿ ಬರ್ಮಾ-ಶೆಲ್ ಸರಕಾರದ ವಶವಾಗಿತ್ತು. ಎಸ್ಸೋ ಎಂದು ಹೆಸರು ಬದಲಿಸಿಕೊಂಡಿದ್ದ ಸ್ಟ್ಯಾಂಡರ್ಡ್ ವ್ಯಾಕ್ಯೂಮ್‌ನ ಉದ್ಯಮ 1974ರಲ್ಲೇ ಬಂದಿತ್ತು, ಕ್ಯಾಲ್ಟೆಕ್ಸ್ ಸ್ವಲ್ಪ ಹಿಂದಿನಿಂದ ಬಂತು. 1960ರಲ್ಲಿ ಒಲ್ಲೆವೆಂದ ಮೂರೂ ಬಾಗಿಲುಗಳು ಜಗಳವಿಲ್ಲದೆ, ಮಾತುಕತೆಯಿಂದ, ಪರಿಹಾರ ಕೊಟ್ಟು ಕೈಸೇರಿದವು. ಬರ್ಮಾ-ಶೆಲ್ ಇಂದಿನ ಭಾರತ್ ಪೆಟ್ರೋಲಿಯಂ, ಉಳಿದೆರಡು ಹಿಂದುಸ್ತಾನ್ ಪೆಟ್ರೋಲಿಯಂ.

ತುರ್ತುಪರಿಸ್ಥಿತಿಯ ಸಂಪುಟದಲ್ಲಿ ಮಾಳವೀಯರು ಕೊನೆಯವರೆಗೂ ಇದ್ದರು. ಸೆರೆಮನೆ ಕಂಡ ಹಳೆಯ ಹೋರಾಟಗಾರರಿಂದ ಬೇರೆಯದನ್ನು ನಿರೀಕ್ಷಿಸಿದವರಿಗೆ ಅದು ನೋವು ತಂದಿತು. 1977ರ ಚುನಾವಣೆಯಲ್ಲಿ ಅವರ ಕ್ಷೇತ್ರವಾದ ದೊಮರಿಯಾಗಂಜ್ ಅವರನ್ನು ಕೈಬಿಟ್ಟಿತು.

1981ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಡೆಹ್ರಾಡೂನಿನ ತೈಲ ಅನ್ವೇಷಣಾ ಸಂಸ್ಥೆಗೆ ಅವರ ಹೆಸರಿದೆ. ಅವರು ತೀರಿಕೊಂಡ ಐದು ತಿಂಗಳಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ, ಬ್ರಿಟಿಷ್ ಕಂಪೆನಿಯ ಕೈಯಲ್ಲೇ ಉಳಿದಿದ್ದ ದಿಗ್ಬೋಯಿಯ ಹಳೆಯ ಶುದ್ಧೀಕರಣಾಗಾರವೂ ಇಂಡಿಯನ್ ಆಯಿಲ್‌ಗೆ ಸೇರಿತು.